ಮುಂದಿನ ಚಕ್ರದ ಹತ್ತಿರ ‘ಟಕ್ ಟಕ್’: ಪಾರ್ಟ್ ಬದಲಿಸುವ ಮೊದಲು ಶಬ್ದದ ಜಾಗ ಹಿಡಿಯಿರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮುಗಿಯುವ ಹೊತ್ತಿಗೆ ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಒಂದು ದೂರು ಪದೇ ಪದೇ ಕೇಳುತ್ತದೆ. ‘ಎದುರಿನ ಚಕ್ರದ ಹತ್ತಿರ ಏನೋ ಟಕ್ ಟಕ್ ಅಂತಿದೆ ಮಾರಾಯ್ರೆ, ಸ್ವಲ್ಪ ನೋಡಿ.’ ನೀರು ತುಂಬಿದ ಹೊಂಡ ಎಷ್ಟು ಆಳ ಇದೆ ಅಂತ ಚಕ್ರ ಅದಕ್ಕೆ ಇಳಿದ ಮೇಲೆಯೇ ಗೊತ್ತಾಗುವುದು. ನಾಲ್ಕು ತಿಂಗಳು ಹಾಗೆ ಓಡಿದ ಕಾರಿನ ಮುಂದಿನ ಸಸ್ಪೆನ್ಶನ್‌ನಲ್ಲಿ ಯಾವುದೋ ಒಂದು ಕೀಲು ಸಡಿಲ ಆಗುವುದು ಸಹಜ. ಅದರ ಮೇಲೆ ಕಡಲಿನ ಉಪ್ಪು ಗಾಳಿ ಬೇರೆ.

ಆಮೇಲೆ ನಡೆಯುವುದು ನೋಡಿದರೆ ಬೇಸರ ಆಗುತ್ತದೆ. ಮೊದಲು ಶಾಕ್ ಅಬ್ಸಾರ್ಬರ್ ಜೋಡಿ ಬದಲಿಸುತ್ತಾರೆ. ಶಬ್ದ ಹೋಗುವುದಿಲ್ಲ. ನಂತರ ಲೋವರ್ ಆರ್ಮ್. ಆಗಲೂ ಹೋಗುವುದಿಲ್ಲ. ಕೊನೆಗೆ ಅವೆರಡಕ್ಕಿಂತ ಎಷ್ಟೋ ಅಗ್ಗದ ಲಿಂಕ್ ರಾಡ್ ಹಾಕಿದ ಮೇಲೆ ಕಾರು ಸುಮ್ಮನಾಗುತ್ತದೆ. ಅಷ್ಟರಲ್ಲಿ ಸಾವಿರಾರು ರೂಪಾಯಿ ಹೋಗಿರುತ್ತದೆ, ಚೆನ್ನಾಗಿದ್ದ ಪಾರ್ಟ್ ಗುಜರಿಗೆ ಸೇರಿರುತ್ತದೆ. ಇದು ತಪ್ಪಬೇಕಾದರೆ ಶಬ್ದ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು. ಸ್ಪ್ಯಾನರ್ ಹಿಡಿಯುವುದು ಆಮೇಲೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಕಾರಿನ ಮಾಲೀಕರೇ ಮಾಡಬಹುದು.

ಚಕ್ರದ ಹಿಂದೆ ಏನೇನಿದೆ

ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಮತ್ತು ಮಧ್ಯಮ ಕಾರುಗಳಲ್ಲಿ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಇರುತ್ತವೆ. ಅದರ ತಲೆ ಬಾನೆಟ್ ಒಳಗೆ ರಬ್ಬರ್ ಮೌಂಟ್‌ಗೆ ಕೂತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಸಮೇತ ತಿರುಗಲಿ ಅಂತ ಅಲ್ಲೇ ಒಂದು ಬೇರಿಂಗ್ ಕೂಡ ಇರುತ್ತದೆ. ಕೆಳಗೆ ಲೋವರ್ ಆರ್ಮ್. ಅದರ ಒಳತುದಿ ಎರಡು ರಬ್ಬರ್ ಬುಷ್ (ಪೆಟ್ಟು ನುಂಗುವ ರಬ್ಬರ್ ಬಳೆ) ಮೂಲಕ ಕಾರಿಗೆ, ಹೊರತುದಿ ಬಾಲ್ ಜಾಯಿಂಟ್ ಮೂಲಕ ಚಕ್ರವನ್ನು ಹಿಡಿದಿರುವ ಭಾಗವಾದ ನಕಲ್‌ಗೆ ಸೇರಿದೆ. ಬಾಲ್ ಜಾಯಿಂಟ್ ನಮ್ಮ ಭುಜದ ಕೀಲಿನ ಹಾಗೆ, ಬಟ್ಟಲೊಳಗೆ ಒಂದು ಗುಂಡು. ಸ್ಟಿಯರಿಂಗ್ ಕಡೆಯಿಂದ ಟೈ ರಾಡ್ ಬರುತ್ತದೆ. ಎಡ ಬಲ ಚಕ್ರಗಳನ್ನು ಜೋಡಿಸಿ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವುದು ಸ್ಟೆಬಿಲೈಸರ್ ಬಾರ್. ಆ ಬಾರನ್ನು ಎರಡೂ ಬದಿ ಸ್ಟ್ರಟ್‌ಗೆ ಅಥವಾ ಲೋವರ್ ಆರ್ಮ್‌ಗೆ ಸೇರಿಸುವ ಸಣ್ಣ ಕಡ್ಡಿಯೇ ಲಿಂಕ್ ರಾಡ್.

ತೊಂದರೆ ಏನೆಂದರೆ ಇವೆಲ್ಲವೂ ಒಂದೇ ತಗಡಿನ ಮೈಗೆ ಸೇರಿಕೊಂಡಿವೆ. ಎಡಗಡೆ ಹುಟ್ಟಿದ ಶಬ್ದ ಬಲಗಡೆಯವರ ಕಾಲಡಿ ಕೇಳುವುದುಂಟು. ಹಾಗಾಗಿ ಕಿವಿಯೊಂದನ್ನೇ ನಂಬಿ ‘ಎಡದ್ದೇ ಹಾಕಿ’ ಅಂತ ಹೇಳುವ ಹಾಗಿಲ್ಲ.

ಮೊದಲು ಸುಮ್ನೆ ಅಲುಗುವ ಸಾಮಾನು ತೆಗೆಯಿರಿ

ಇದಕ್ಕೆ ಅರ್ಧ ಗಂಟೆ ಸಾಕು, ದಯವಿಟ್ಟು ಬಿಡಬೇಡಿ. ಡಿಕ್ಕಿಯಿಂದ ಜಾಕಿ, ಸ್ಟೆಪ್ನಿ, ಟೂಲ್ಸ್ ಎಲ್ಲ ಹೊರಗಿಡಿ. ಬಾಗಿಲಿನ ಬಾಟಲಿ, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಸಾಮಾನು ತೆಗೆಯಿರಿ. ಬಾನೆಟ್ ಎತ್ತಿ ಬ್ಯಾಟರಿ ಕೈಯಲ್ಲಿ ಅಲುಗಿಸಿ ನೋಡಿ. ಅದರ ಕ್ಲ್ಯಾಂಪ್ ಸಡಿಲ ಇದ್ದರೆ ಹೊಂಡಕ್ಕೆ ಬಿದ್ದಾಗಲೆಲ್ಲ ಥೇಟ್ ಸಸ್ಪೆನ್ಶನ್ ಶಬ್ದವೇ ಬರುತ್ತದೆ. ಎಂಜಿನ್ ಅಡಿಯ ಗಾರ್ಡ್, ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್, ನಂಬರ್ ಪ್ಲೇಟ್ ಇವನ್ನೂ ತಟ್ಟಿ ನೋಡಿ. ನೀರು ನಿಂತ ರಸ್ತೆಯಲ್ಲಿ ವೇಗವಾಗಿ ಹೋದ ಕಾರಿನ ಲೈನರ್ ಕ್ಲಿಪ್ ಕಳಚಿ ನೇತಾಡುವುದು ಮಳೆಗಾಲದಲ್ಲಿ ಮಾಮೂಲಿ.

ಚಕ್ರದ ನಟ್‌ಗಳನ್ನು ಮಾತ್ರ ತಪ್ಪದೆ ಪರೀಕ್ಷಿಸಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ, ಟಯರ್ ಬದಲಿಸಿದ್ದರೆ ಎಲ್ಲಕ್ಕಿಂತ ಮೊದಲ ಕೆಲಸ ಇದೇ. ಸಡಿಲ ನಟ್ ಅಪಾಯ.

ರಸ್ತೆಯನ್ನೇ ಪರೀಕ್ಷೆಗೆ ಬಳಸಿ

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ರೇಡಿಯೋ, ಎಸಿ ಎರಡೂ ಬಂದ್. ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆ ಇರುವ ಓಣಿಯಲ್ಲಿ ನಿಧಾನ ಹೋಗಿ. ಗೋಡೆಗೆ ಬಡಿದ ಶಬ್ದ ವಾಪಸ್ ಬರುವುದರಿಂದ ಯಾವ ಬದಿಯದ್ದು ಅಂತ ಸ್ವಲ್ಪ ಸ್ಪಷ್ಟ ಆಗುತ್ತದೆ. ಮಂಗಳೂರಿನ ಒಳರಸ್ತೆಗಳ ಇಂಟರ್‌ಲಾಕ್ ಇದಕ್ಕೆ ಒಳ್ಳೆಯದು. ಸಣ್ಣ ಸಣ್ಣ ಏರಿಳಿತ, ಕಡಿಮೆ ವೇಗ.

ಈಗ ಬಹಳ ಮುಖ್ಯವಾದ ಪರೀಕ್ಷೆ. ರಸ್ತೆಯ ಅಗಲಕ್ಕೂ ಇರುವ ಹಂಪ್ ಮೇಲೆ ನೇರವಾಗಿ, ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತುವಂತೆ ಹೋಗಿ. ಕೂಳೂರು ಅಥವಾ ನೇತ್ರಾವತಿ ಸೇತುವೆಯ ಜಾಯಿಂಟ್ ದಾಟುವಾಗಲೂ ಹೀಗೇ ಆಗುತ್ತದೆ, ಎರಡೂ ಚಕ್ರಕ್ಕೆ ಒಟ್ಟಿಗೆ ಪೆಟ್ಟು. ನಂತರ ಒಂದೇ ಬದಿಯ ಚಕ್ರ ಹೊಂಡಕ್ಕೆ ಇಳಿಯುವ ಹಾಗೆ, ಇಲ್ಲವೇ ಡಾಮರು ಅಂಚಿನಿಂದ ಮಣ್ಣಿಗೆ ಇಳಿಯುವ ಹಾಗೆ ನಿಧಾನ ಹೋಗಿ. ಒಟ್ಟಿಗೆ ಹತ್ತಿದಾಗ ಶಬ್ದ ಇಲ್ಲ, ಒಂದೇ ಚಕ್ರ ಏರಿಳಿದಾಗ ‘ಟಕ್ ಟಕ್’ ಇದೆ ಅಂದರೆ ಅನುಮಾನ ನೇರ ಲಿಂಕ್ ರಾಡ್ ಮತ್ತು ಸ್ಟೆಬಿಲೈಸರ್ ಬಾರಿನ ಬುಷ್ ಮೇಲೆ. ಕಾರಣ ಸರಳ. ಎರಡೂ ಚಕ್ರ ಒಟ್ಟಿಗೆ ಮೇಲೆ ಹೋದರೆ ಆ ಬಾರ್ ತಿರುಚಿಕೊಳ್ಳುವುದಿಲ್ಲ, ಲಿಂಕ್ ಮೇಲೆ ಒತ್ತಡ ಬರುವುದಿಲ್ಲ. ಒಂದು ಚಕ್ರ ಮಾತ್ರ ಎದ್ದಾಗ ಅದು ತಿರುಚಿ, ಸಡಿಲ ಕೀಲಿನಲ್ಲಿ ಗುಂಡು ಆಚೀಚೆ ಬಡಿಯುತ್ತದೆ.

ದೊಡ್ಡ ಹಂಪ್‌ನಲ್ಲಿ ಮಾತ್ರ ‘ಧಡ್’ ಅಂತ ಒಂದೇ ಏಟು ಬಂದರೆ ಅದು ಬೇರೆ ಕಥೆ. ಸ್ಟ್ರಟ್ ಪೂರ್ತಿ ಕುಗ್ಗಿ ತಳ ಮುಟ್ಟುತ್ತಿರಬಹುದು. ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು ಪುಡಿಯಾಗಿರಬಹುದು. ಶಾಕ್ ಅಬ್ಸಾರ್ಬರ್ ಶಕ್ತಿ ಕಳೆದುಕೊಂಡಿರಲೂಬಹುದು.

ಬ್ರೇಕ್ ಪರೀಕ್ಷೆ ಖಾಲಿ ಜಾಗದಲ್ಲಿ ಮಾಡಿ. ಮುಂದೆ ಹೋಗಿ ಬ್ರೇಕ್ ಒತ್ತಿ, ರಿವರ್ಸ್ ಹೋಗಿ ಬ್ರೇಕ್ ಒತ್ತಿ. ದಿಕ್ಕು ಬದಲಾದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದಾಗ ಮಾತ್ರ ಒಂದು ‘ಟಕ್’ ಬಂದು, ಆಮೇಲೆ ಅದೇ ದಿಕ್ಕಿನಲ್ಲಿ ಬಾರದಿದ್ದರೆ ಬ್ರೇಕ್ ಪ್ಯಾಡ್ ಅದನ್ನು ಹಿಡಿದಿರುವ ಕ್ಯಾಲಿಪರ್ ಒಳಗೆ ಜಾರುತ್ತಿದೆ ಎಂದು ಅನುಮಾನಿಸಿ. ಪ್ರತಿ ಸಲ ಬ್ರೇಕ್ ಹಾಕುವಾಗಲೂ ಬಿಡುವಾಗಲೂ ಕಾಲಡಿಯಲ್ಲಿ ಭಾರದ ‘ಧುಡ್’ ಬಂದರೆ ಲೋವರ್ ಆರ್ಮಿನ ಬುಷ್, ಅದರಲ್ಲೂ ಹಿಂಬದಿಯದು. ಉಡುಪಿ ಕಡೆಯವರಿಗೆ ಮಣಿಪಾಲದ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಬಿಡುತ್ತಾ ಬರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಹಿಂದೆ ವಾಹನ ಇಲ್ಲದಾಗ ಮಾತ್ರ ನೋಡಿ.

ಇನ್ನೊಂದು ಉಪಾಯ ಇದೆ. ಕೆಟ್ಟ ರಸ್ತೆಯಲ್ಲಿ ನಡೆಯುವ ವೇಗದಲ್ಲಿ ಹೋಗುತ್ತಾ ಶಬ್ದ ಬರುತ್ತಿರುವಾಗಲೇ ಬ್ರೇಕನ್ನು ಹಗುರಾಗಿ ಮುಟ್ಟಿ. ಶಬ್ದ ಥಟ್ಟನೆ ನಿಂತರೆ ತಪ್ಪು ಸಸ್ಪೆನ್ಶನ್‌ದಲ್ಲ, ಬ್ರೇಕ್ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್ನಿನದು ಇರಬಹುದು. ಲಿಂಕ್ ರಾಡ್ ಶಬ್ದ ಬ್ರೇಕ್ ಮುಟ್ಟಿದರೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಅಥವಾ ಕ್ಲಚ್ ಬಿಡುವಾಗ ಬಂದರೆ ಎಂಜಿನ್ ಮೌಂಟ್ ನೋಡಿಸಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಚಕ್ರ ಸುತ್ತಿದಂತೆ ‘ಕಟಕಟಕಟ’ ಬಂದರೆ ಅದು ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಹೊರಗಿನ ಕೀಲು, ಅಂದರೆ ಸಿವಿ ಜಾಯಿಂಟ್. ವೀಲ್ ಬೇರಿಂಗ್ ಸವೆದರೆ ಬರುವುದು ವೇಗದ ಜೊತೆ ಏರುವ ‘ಗುಂಯ್’ ಸದ್ದು.

ಪೆಟ್ಟು ಮೈಗೆ ಎಲ್ಲಿ ತಾಗುತ್ತದೆ ಎಂಬುದನ್ನೂ ಗಮನಿಸಿ. ಕೈಗೆ, ಸ್ಟಿಯರಿಂಗ್‌ನಲ್ಲಿ ತಾಗಿದರೆ ಟೈ ರಾಡ್, ರ‍್ಯಾಕ್ (ಸ್ಟಿಯರಿಂಗ್ ತಿರುಗಿದ್ದನ್ನು ಟೈ ರಾಡಿಗೆ ಮುಟ್ಟಿಸುವ ಭಾಗ), ಸ್ಟಿಯರಿಂಗ್ ಕಾಲಂ. ಪಾದಕ್ಕೆ ತಾಗಿದರೆ ಲೋವರ್ ಆರ್ಮ್ ಅಥವಾ ಅದು ಕೂರುವ ಚೌಕಟ್ಟಾದ ಸಬ್‌ಫ್ರೇಮ್. ಇದು ಪಕ್ಕಾ ನಿಯಮ ಅಲ್ಲ, ಆದರೆ ಹುಡುಕುವ ದಾರಿ ಸಣ್ಣದಾಗುತ್ತದೆ.

ನಮ್ಮ ಊರಿನವರಿಗೆ ಮಳೆಯೂ ಒಂದು ಸಹಾಯ ಮಾಡುತ್ತದೆ. ಒಣಗಿದಾಗ ‘ಕಿರ್ ಕಿರ್’ ಅನ್ನುವ ಕಾರು ಮಳೆಯಲ್ಲಿ ಓಡಿದ ಮೇಲೆ ಮೌನ ಆಗಿ, ಎರಡು ದಿನ ಬಿಸಿಲು ಬಂದರೆ ಮತ್ತೆ ಶುರುವಾದರೆ ಅದು ರಬ್ಬರ್ ಬುಷ್ ಉಜ್ಜುವ ಸದ್ದು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ‘ಟಕ್’ ಮಳೆಗೂ ಬಿಸಿಲಿಗೂ ಅಷ್ಟಾಗಿ ಬದಲಾಗುವುದಿಲ್ಲ.

ನಿಂತ ಕಾರಿನಲ್ಲಿ

ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಬಾನೆಟ್ ತೆರೆದು ಸ್ಟ್ರಟ್ ತಲೆಯ ಮೇಲೆ ಬೆರಳಿಡಿ. ಇನ್ನೊಬ್ಬರು ಸ್ಟಿಯರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಲಿ. ಬೆಲ್ಟ್, ಫ್ಯಾನ್ ಕಡೆ ಕೈ ಹೋಗದಂತೆ ಜಾಗ್ರತೆ. ಬೆರಳಿಗೆ ‘ಟಂಗ್’ ಎಂದು ಜಿಗಿದ ಅನುಭವ ಆದರೆ ಮೇಲಿನ ಬೇರಿಂಗ್ ಹಿಡಿದುಕೊಂಡಿದೆ, ಸ್ಪ್ರಿಂಗ್ ತಿರುಚಿ ಒಮ್ಮೆಗೇ ಬಿಡುಗಡೆ ಆಗುತ್ತಿದೆ ಎಂದರ್ಥ. ಹಾಗೇ ಬಾನೆಟ್ ಅಂಚಿನ ಹತ್ತಿರ ಮಡ್‌ಗಾರ್ಡ್ ಒತ್ತಿ ಕಾರನ್ನು ಕುಣಿಸಿ. ಸ್ಟ್ರಟ್ ತಲೆ ಕುಣಿಯುತ್ತಿದ್ದರೆ ಮೌಂಟ್ ರಬ್ಬರ್ ಹೋಗಿದೆ. ಕೈ ಬಿಟ್ಟ ಮೇಲೂ ಕಾರು ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ದಣಿದಿದೆ. ಕುಣಿಯಲಿಲ್ಲ ಅಂದಮಾತ್ರಕ್ಕೆ ಅದು ಪೂರ್ತಿ ಚೆನ್ನಾಗಿದೆ ಅಂತ ಹೇಳಲು ಬರುವುದಿಲ್ಲ.

ಈಗ ಸ್ಪ್ರಿಂಗ್ ನೋಡಿ. ಪಣಂಬೂರು, ಉಳ್ಳಾಲ, ಮಲ್ಪೆಯಂಥ ಕಡಲಂಚಿನಲ್ಲಿ ವಾಸಿಸುವವರು ಇದನ್ನು ಮರೆಯಬಾರದು. ಸ್ಪ್ರಿಂಗಿನ ಕೆಳಸುತ್ತು ಕೂರುವ ಬಟ್ಟಲಿನಲ್ಲಿ ಕೆಸರು, ನೀರು ನಿಂತು ತುಕ್ಕು ಹಿಡಿಯುತ್ತದೆ, ಕೊನೆಯ ಒಂದು ತುಂಡು ಮುರಿಯುತ್ತದೆ. ಕಾರು ಓಡುತ್ತಲೇ ಇರುತ್ತದೆ, ಮುರಿದದ್ದು ಕಣ್ಣಿಗೂ ಬೀಳುವುದಿಲ್ಲ. ಟಾರ್ಚ್ ಹಾಕಿ ಎರಡೂ ಬದಿಯ ತುದಿ ಹೋಲಿಸಿ. ಮುರಿದ ಚೂಪು ತುದಿ ಟಯರಿಗೆ ತಾಗಿದರೆ ಟಯರ್ ಹರಿಯುತ್ತದೆ.

ಸ್ಟ್ರಟ್ ಮೈಮೇಲೆ ಎಣ್ಣೆ ಇಳಿದಿದೆಯಾ ನೋಡಿ. ತೆಳುವಾಗಿ ಧೂಳು ಅಂಟಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಒದ್ದೆಯಾಗಿ ಕೆಳಗಿನವರೆಗೆ ಇಳಿದಿದ್ದರೆ ಸೋರಿಕೆ.

ಲಿಂಕ್ ರಾಡನ್ನು ಪರೀಕ್ಷಿಸುವುದು ಚಕ್ರ ನೆಲದಲ್ಲಿ ಇರುವಾಗಲೇ. ತಪ್ಪುವುದು ಇಲ್ಲೇ. ಒಂದು ಬದಿ ಮಾತ್ರ ಜಾಕಿ ಹಾಕಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿ ಲಿಂಕ್ ಬಿಗಿಯಾಗುತ್ತದೆ. ಎಷ್ಟು ಎಳೆದರೂ ಅಲುಗುವುದಿಲ್ಲ, ‘ಚೆನ್ನಾಗಿದೆ’ ಅಂತ ಬಿಟ್ಟುಬಿಡುತ್ತಾರೆ. ಸ್ಟಿಯರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಚಕ್ರದ ಹಿಂದೆ ಕೈ ಹಾಕಿ ಲಿಂಕ್ ಹಿಡಿದು ಗಟ್ಟಿಯಾಗಿ ಮೇಲೆ ಕೆಳಗೆ ಅಲುಗಿಸಿ. ಸವೆದದ್ದು ಕೈಯಲ್ಲೇ ‘ಟಕ್’ ಅನ್ನುತ್ತದೆ. ಗ್ಯಾರೇಜಿನಲ್ಲಿ ಎರಡೂ ಬದಿ ಸಮವಾಗಿ ಎತ್ತಿದ್ದರೆ ಆಗಲೂ ನೋಡಬಹುದು.

ಜಾಕಿ ಹಾಕಿದ ಮೇಲೆ

ಮನೆ ಅಂಗಳದ ಇಂಟರ್‌ಲಾಕ್ ಇಳಿಜಾರಾಗಿದ್ದರೆ, ಕೆಂಪು ಮಣ್ಣು ಒದ್ದೆಯಾಗಿದ್ದರೆ ಈ ಭಾಗವನ್ನು ಗ್ಯಾರೇಜಿಗೆ ಬಿಡಿ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಇಡಬೇಕು, ಸ್ಟ್ಯಾಂಡ್ ಕೊಡಬೇಕು. ಬರೀ ಜಾಕಿ ನಂಬಿ ಕಾರಿನ ಅಡಿಗೆ ತಲೆ ಹಾಕಬೇಡಿ.

ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್. ಆಗಲೂ ಉಳಿದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಕಡೆ. ನಂತರ ಎಡ ಬಲ ಹಿಡಿದು ಅಲುಗಿಸಿ. ಅಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್ ಮತ್ತು ರ‍್ಯಾಕ್ ಎಂಡ್. ಯಾವುದು ಎಂದು ತಿಳಿಯಲು ಒಬ್ಬರು ಅಲುಗಿಸುವಾಗ ಇನ್ನೊಬ್ಬರು ಕೀಲಿನ ಮೇಲೆ ಕೈಯಿಡಬೇಕು. ಸಡಿಲ ಇರುವುದು ಬೆರಳಿಗೆ ಗೊತ್ತಾಗುತ್ತದೆ.

ಲೋವರ್ ಆರ್ಮ್ ಮತ್ತು ನಕಲ್ ನಡುವೆ ಉದ್ದದ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರೆ ಬಾಲ್ ಜಾಯಿಂಟ್ ಬಣ್ಣ ಬಯಲಾಗುತ್ತದೆ. ಅದರ ರಬ್ಬರ್ ಬೂಟ್ ಹರಿದಿದ್ದರೆ ಈಗ ಶಬ್ದ ಇಲ್ಲದಿದ್ದರೂ ಆಯುಸ್ಸು ಕಡಿಮೆ. ನಮ್ಮ ಮಳೆಯ ಕೆಸರು ಒಳಗೆ ಹೊಕ್ಕರೆ ಗ್ರೀಸ್ ಉಳಿಯುವುದಿಲ್ಲ. ಬುಷ್‌ಗಳನ್ನೂ ಹೀಗೇ ಮೀಟಿ ನೋಡಿ. ರಬ್ಬರ್ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಂಡ ತಕ್ಷಣ ಬದಲಿಸಬೇಕಾಗಿಲ್ಲ. ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡಿದೆಯಾ, ಮೀಟಿದಾಗ ಬಾಯಿ ತೆರೆಯುತ್ತಿದೆಯಾ ಎಂಬುದು ಮುಖ್ಯ.

ಬಾಲ್ ಜಾಯಿಂಟ್‌ನಲ್ಲಿ, ಟೈ ರಾಡ್‌ನಲ್ಲಿ ಆಟ ಕಂಡರೆ ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಲಿಂಕ್ ರಾಡ್ ಶಬ್ದದಲ್ಲಿ ಕೆಲವು ದಿನ ನಿಧಾನ ಓಡಿಸಬಹುದು, ಇದರಲ್ಲಿ ಆಗದು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಗೆ ಮಗುಚುತ್ತದೆ, ಸ್ಟಿಯರಿಂಗ್ ಕೇಳುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಬೆಂಗಳೂರಿಗೋ ಚಿಕ್ಕಮಗಳೂರಿಗೋ ಹೊರಡುವ ಮೊದಲು ‘ಬಂದ ಮೇಲೆ ನೋಡುವ’ ಅಂತ ಮುಂದೂಡಬೇಡಿ.

ಅನುಮಾನ ಉಳಿದರೆ

ಲಿಂಕ್ ರಾಡೋ ಬೇರೆಯೋ ಅಂತ ತೀರ್ಮಾನ ಆಗದಿದ್ದರೆ ಗ್ಯಾರೇಜಿನಲ್ಲಿ ಎರಡೂ ಬದಿಯ ಲಿಂಕ್ ಬಿಚ್ಚಿಸಿ, ಬಾರಿನ ತುದಿ ಎಲ್ಲೂ ತಾಗದಂತೆ ಕಟ್ಟಿಸಿ, ಅದೇ ಓಣಿಯಲ್ಲಿ ಒಂದು ಸಣ್ಣ ಸುತ್ತು ಹೋಗಿ ಬನ್ನಿ. ಶಬ್ದ ಹೋಯಿತು ಅಂದರೆ ಉತ್ತರ ಸಿಕ್ಕಿತು. ಹೋಗಲಿಲ್ಲ ಅಂದರೆ ಲಿಂಕ್ ದುಡ್ಡು ಉಳಿಯಿತು. ಲಿಂಕ್ ಬಿಚ್ಚಿದಾಗ ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಹಾಗಾಗಿ ಹೆದ್ದಾರಿಗೆ ಹೋಗಬಾರದು. ಇಷ್ಟು ಖಚಿತವಾದ ಇನ್ನೊಂದು ಪರೀಕ್ಷೆ ನನಗೆ ಗೊತ್ತಿಲ್ಲ.

ಮೆಕ್ಯಾನಿಕ್ ಹತ್ತಿರ ಹೋದಾಗ ‘ಶಾಕ್ಸ್ ಹೋಗಿದೆ, ಬದಲಿಸಿ’ ಅನ್ನಬೇಡಿ. ‘ಎಡ ಚಕ್ರ ಒಂದೇ ಇಳಿದಾಗ ಬರುತ್ತದೆ, ಹಂಪ್‌ನಲ್ಲಿ ಬರುವುದಿಲ್ಲ, ಬ್ರೇಕ್ ಮುಟ್ಟಿದರೂ ನಿಲ್ಲುವುದಿಲ್ಲ. ಒಂದು ರೌಂಡ್ ಹೋಗಿ ಬರುವ ಅಣ್ಣ’ ಅನ್ನಿ. ಅವರೇ ಓಡಿಸಲಿ, ನೀವು ಪಕ್ಕದಲ್ಲಿ ಕೂರಿ. ಒಳ್ಳೆಯ ಮೆಕ್ಯಾನಿಕ್‌ಗೆ ಈ ಮೂರು ವಾಕ್ಯ ಸಾಕಾಗುತ್ತದೆ. ತೆಗೆದ ಹಳೆ ಪಾರ್ಟ್ ಕೇಳಿ ತೆಗೆದುಕೊಳ್ಳಿ, ಕೈಯಲ್ಲಿ ಅಲುಗಿಸಿ ನೋಡಿ. ಅದರಲ್ಲಿ ಆಟವೇ ಇಲ್ಲ ಅಂದರೆ ತಪ್ಪು ಪಾರ್ಟ್ ತೆಗೆದಿದ್ದಾರೆ.

ಹೊಸ ಪಾರ್ಟ್ ಹಾಕುವಾಗ

ಲಿಂಕ್ ರಾಡ್ ಆಗಲಿ ಸ್ಟ್ರಟ್ ಆಗಲಿ ಎಡ ಬಲ ಜೋಡಿಯಾಗಿ ಹಾಕಿ. ಕರಾವಳಿಯ ಕಾರುಗಳಲ್ಲಿ ಲಿಂಕ್ ನಟ್ ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ತಿರುಗಿಸಿದರೆ ಬೋಲ್ಟೇ ಸುತ್ತುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಒಳ್ಳೆಯದು. ಆಗಲೂ ಬಿಡದಿದ್ದರೆ ಗ್ರೈಂಡರ್‌ನಲ್ಲಿ ಕತ್ತರಿಸಬೇಕು, ಹೇಗೂ ಎಸೆಯುವ ಪಾರ್ಟ್ ತಾನೆ. ಆದರೆ ಪಕ್ಕದ ಬ್ರೇಕ್ ಹೋಸ್‌ಗೆ ಕಿಡಿ ತಾಗಬಾರದು. ಹಾಕುವಾಗ ಹೊಸ ನಟ್ಟನ್ನೇ ಬಳಸಲಿ.

ಲೋವರ್ ಆರ್ಮ್ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಹೆಚ್ಚಿನ ಕಾರುಗಳಲ್ಲಿ ಬುಷ್ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಚಕ್ರ ನೆಲಕ್ಕೆ ಇಳಿದು ಕಾರಿನ ಭಾರ ಕೂತ ಮೇಲೆ. ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ ಕಾರು ಇಳಿಸಿದಾಗ ಬುಷ್ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹೊಸ ಆರ್ಮ್ ಹಾಕಿಯೂ ಬೇಗನೆ ಶಬ್ದ ಮರಳಿ ಬರಲು ಇದೊಂದು ಕಾರಣ. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದು, ಮೊದಲೇ ಕೇಳಿಕೊಳ್ಳಿ.

ಸ್ಟ್ರಟ್ ಬದಲಿಸಿದ ಮೇಲೆ ಹೊಸದೇ ಒಂದು ‘ಟಕ್’ ಶುರುವಾದರೆ ಸ್ಟ್ರಟ್ ತಲೆಯ ನಟ್ ನೋಡಿಸಿ. ಅದು ಸರಿಯಾಗಿ ಬಿಗಿಯಾಗದೆ ಉಳಿದರೆ ಹೊಸ ಸ್ಟ್ರಟ್ ಕೂಡ ಮೌಂಟ್ ಒಳಗೆ ಬಡಿಯುತ್ತದೆ.

ಸ್ಟ್ರಟ್, ಲೋವರ್ ಆರ್ಮ್, ಟೈ ರಾಡ್ ಯಾವುದನ್ನು ಮುಟ್ಟಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬರೀ ಲಿಂಕ್ ರಾಡ್ ಆದರೆ ಬೇಡ. ಕೆಲಸ ಮುಗಿದ ದಿನವೇ ಅದೇ ಓಣಿ, ಅದೇ ಹಂಪ್, ಅದೇ ಹೊಂಡದಲ್ಲಿ ಕಿಟಕಿ ಇಳಿಸಿ ಓಡಿಸಿ ನೋಡಿ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಮುಟ್ಟಿದ ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ನೋಡಿಸಿ.